ಎದುರಾಳಿಗೆ ತಟ್ಟಿದ ಚಪ್ಪಾಳೆ

ಚಪ್ಪಾಳೆ ತಟ್ಟುವುದು ಒಂದು ಕಾಯಿಲೆ ಎಂದು ನನಗೆ ಗೊತ್ತಾದದ್ದು ಓದಲು ಅಮೆರಿಕಕ್ಕೆ ಬಂದ ಮೇಲೆ. ಬೆಂಗಳೂರಿನಲ್ಲಿ ಅದನ್ನು ಸಂಸ್ಕಾರ ಎನ್ನುತ್ತಿದ್ದರು. ಕ್ರಿಕೆಟ್ ಪಂದ್ಯಕ್ಕೆ ಕರೆದುಕೊಂಡು ಹೋದಾಗಲೆಲ್ಲ ಅಪ್ಪ, ಎದುರು ತಂಡದವನು ಒಳ್ಳೆಯ ಕವರ್ ಡ್ರೈವ್ ಹೊಡೆದರೆ ನನ್ನ ಪಕ್ಕೆಗೆ ತಿವಿದು, "ತಟ್ಟೋ, ಆಟ ಚೆನ್ನಾಗಿತ್ತಲ್ವಾ?" ಎನ್ನುತ್ತಿದ್ದರು. ಹತ್ತು ವರ್ಷ ತಟ್ಟಿದ ಕೈ. ವೀಸಾ ಸಿಕ್ಕ ಮಾತ್ರಕ್ಕೆ ಸುಮ್ಮನಾಗುತ್ತದೆಯೇ?

ಹೇವರ್ಡ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ ಕೂತು, ಲೈಬ್ರರಿಯಿಂದ ತಂದ ಒಂದೇ ಪುಸ್ತಕ ಓದಿ ನಾನು ಅಮೆರಿಕನ್ ಫುಟ್‌ಬಾಲ್ ಕಲಿತೆ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಅವರಿಗೆ. ಇಷ್ಟು ಅರ್ಥವಾದ ಕೂಡಲೇ ನಮ್ಮ ಕಾಲೇಜಿನ ಕೋಚ್ ಹತ್ತಿರ ಹೋಗಿ ಏನಾದರೂ ಕೆಲಸ ಕೊಡಿ ಎಂದೆ. ಅವರು ಒಂದು ನೋಟ್‌ಬುಕ್ ಕೊಟ್ಟು ಆಟಗಾರರ ಬೆಂಚಿನ ತುದಿಯಲ್ಲಿ ಕೂರಿಸಿದರು. ನಮ್ಮವರು ಎಷ್ಟು ಗಜ ಮುಂದೆ ಹೋದರು ಎಂದು ಬರೆಯುವುದು ನನ್ನ ಕೆಲಸ. ಬಹಳ ಬಿಡುವಿನ ಕೆಲಸ. ಸಂಬಳವಿಲ್ಲ, ಆದರೆ ಕೊನೆಯ ಪಂದ್ಯ ಮುಗಿಯುವವರೆಗೆ ಬೆಂಚಿನಲ್ಲಿದ್ದವರಿಗೆಲ್ಲ ಎದೆಯ ಮೇಲೆ ಹೆಸರು ಹೊಲಿದ ಕಾಲೇಜಿನ ಜಾಕೆಟ್ಟು ಸಿಗುತ್ತಿತ್ತು. ನಾನು ಅಂದೇ ಅಪ್ಪನಿಗೆ "ಫುಟ್‌ಬಾಲ್ ಟೀಮಿನಲ್ಲಿದ್ದೇನೆ" ಎಂದು ಬರೆದೆ. ಸುಳ್ಳಲ್ಲ, ಬೆಂಚು ಟೀಮಿನದೇ. ಅಪ್ಪ ಅರ್ಧ ಬಸವನಗುಡಿಗೆ ಹೇಳಿಬಿಟ್ಟು, ಜಾಕೆಟ್ ಹಾಕಿಕೊಂಡು ಒಂದು ಫೋಟೋ ಕಳಿಸು ಎಂದು ಉತ್ತರ ಬರೆದರು.

ಅಷ್ಟರಲ್ಲಿ ನಾವು ಸೋಲತೊಡಗಿದ್ದೆವು. ಪ್ರತಿ ಶನಿವಾರ ಬೇರೆ ಬೇರೆ ರೀತಿಯಲ್ಲಿ ಸೋತೆವು. ಒಂದು ವಾರ ನಮ್ಮ ಹುಡುಗನೇ ಚೆಂಡು ಹಿಡಿದು ದಿಕ್ಕು ತಪ್ಪಿ ಓಡಿದ. ಎದುರಾಳಿಗಳು ಮಾತ್ರ ಸೊಗಸಾಗಿ ಆಡುತ್ತಿದ್ದರು. ನಾನು ಬೆಂಚಿನ ತುದಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ.

ಐದನೇ ಸೋಲಿನ ದಿನ ಕೋಚ್ ನನ್ನ ಮುಂದೆ ಬಂದು ನಿಂತರು.

"ನೀನು ಯಾರ ಕಡೆಯಪ್ಪಾ?"

"ನಮ್ಮ ಕಡೆ ಸಾರ್. ಆದ್ರೆ ಆ ಕ್ಯಾಚ್ ನೋಡಿದ್ರಾ?"

"ನೋಡ್ದೆ. ಇನ್ನೊಂದ್ ಸಲ ಆ ಸದ್ದು ಕೇಳ್ಸಿದ್ರೆ ನೀನು ಗ್ಯಾಲರಿಗೆ. ಜಾಕೆಟ್ಟೂ ಇಲ್ಲ."

ನನ್ನ ರೂಮ್‌ಮೇಟು, ಮಂಗಳೂರಿನ ಶೆಣೈ, ಚಿಕಿತ್ಸೆ ವಹಿಸಿಕೊಂಡ. ಭಾನುವಾರ ಟಿವಿಯಲ್ಲಿ ಫುಟ್‌ಬಾಲ್ ಹಾಕಿ, ದೋಸೆ ಸಟ್ಟುಗ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ. ನನ್ನ ಕೈ ಏಳುತ್ತಿದ್ದಂತೆ ಮಣಿಕಟ್ಟಿಗೆ ಒಂದು. "ಎಂತ ಮಾರಾಯ, ಅವ ನಿನ್ನ ಅತ್ತೆ ಮಗನಾ? ಕೈಯನ್ನು ತೊಡೆ ಅಡಿಗೆ ಹಾಕು!" ನಾಲ್ಕು ವಾರದಲ್ಲಿ ಗುಣವಾದೆ. ಯಾರು ಏನು ಮಾಡಿದರೂ ಕಲ್ಲಿನಂತೆ ಕೂರುವುದು ಬಂತು.

ಕೊನೆಯ ಪಂದ್ಯ. ಅದುವರೆಗೆ ಒಂದೂ ಗೆದ್ದಿರಲಿಲ್ಲ. ಅಂದೂ ಗೆಲ್ಲುವ ಲಕ್ಷಣವಿರಲಿಲ್ಲ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತೆ. ಗಜ ಬರೆಯಲು ಮಾತ್ರ ಬಲಗೈ ತೆಗೆಯಬೇಕಿತ್ತು, ಅಂದರೆ ತೆಗೆಯಬೇಕಾಗಿಯೇ ಬರಲಿಲ್ಲ. ಎದುರಾಳಿಗಳು ಅದ್ಭುತಗಳನ್ನು ಮಾಡಿದರು. ನಾನು ಹುಲ್ಲು ನೋಡಿದೆ. ಕೋಚ್ ಒಮ್ಮೆ ನನ್ನತ್ತ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಎದೆಯ ಮೇಲೆ ನನ್ನ ಹೆಸರು ಆಗಲೇ ಹೊಲಿದಂತಾಯಿತು.

ಆಟ ಮುಗಿಯಲು ಎರಡು ನಿಮಿಷವಿದ್ದಾಗ ಎಲ್ಲಿಂದಲೋ ಎತ್ತರದ ಎಸೆತ ಬಂತು. ಒಬ್ಬ ಹುಡುಗ ಹಾರಿ ಒಂದೇ ಕೈಯಲ್ಲಿ ಹಿಡಿದ, ಇಬ್ಬರನ್ನು ತಪ್ಪಿಸಿ ಮೈದಾನದ ಕೊನೆಯವರೆಗೆ ಓಡಿದ. ಅಂಥದ್ದನ್ನು ನಾನು ಜೀವಮಾನದಲ್ಲೇ ನೋಡಿರಲಿಲ್ಲ. ಹಲ್ಲು ಕಚ್ಚಿ ಕೂತೆ. ಗ್ಯಾಲರಿಯೆಲ್ಲ ಎದ್ದಿತ್ತು, ಬ್ಯಾಂಡು ಬಾರಿಸುತ್ತಿತ್ತು, ಕೋಚ್ ಟೋಪಿ ಎಸೆದು ಕುಣಿಯುತ್ತಿದ್ದರು. ಕುಣಿಯುತ್ತಲೇ ನನ್ನನ್ನು ನೋಡಿ ನಿಂತರು.

"ಏಳಯ್ಯಾ! ಅದು ನಮ್ಮ ಹುಡುಗ!"

ತಟ್ಟೋಣವೆಂದರೆ ಎರಡೂ ಕೈ ಜೋಮು ಹಿಡಿದಿದ್ದವು. ಎಳೆದು ತೆಗೆದೆ, ಒದರಿದೆ, ಊದಿದೆ. ಕೊನೆಗೂ ಜೀವ ಬಂತು. ಎದ್ದು ನಿಂತು, ಒಂದು ತಿಂಗಳ ಬಾಕಿಯನ್ನೆಲ್ಲ ಸೇರಿಸಿ ಜೋರಾಗಿ ತಟ್ಟತೊಡಗಿದೆ.

ಅಷ್ಟರಲ್ಲಿ ನಮ್ಮವರು, ಅಂಕ ಗಳಿಸಿದವರು ಮಾಡಬೇಕಾದ ನಿಯಮದಂತೆ, ಚೆಂಡನ್ನು ಒದ್ದು ಎದುರಾಳಿಗೆ ಕೊಟ್ಟಾಗಿತ್ತು. ಅವರಲ್ಲೊಬ್ಬ ಅದನ್ನು ಹಿಡಿದು ನಮ್ಮ ಹನ್ನೊಂದು ಮಂದಿಯನ್ನೂ ದಾಟಿ ಓಡುತ್ತಿದ್ದ. ಇಡೀ ಮೈದಾನ ಸ್ತಬ್ಧವಾಗಿತ್ತು. ಆ ಮೌನದಲ್ಲಿ ನನ್ನ ಚಪ್ಪಾಳೆಯೊಂದೇ, ಬಹಳ ಸ್ಪಷ್ಟವಾಗಿ, ಕೋಚ್ ಕಿವಿಯಿಂದ ಮೂರಡಿ ದೂರದಲ್ಲಿ ಕೇಳಿಸುತ್ತಿತ್ತು.

ಉಳಿದ ಆಟವನ್ನು ಗ್ಯಾಲರಿಯಿಂದ ನೋಡಿದೆ. ಅಪ್ಪನಿಗೆ, ಈ ವರ್ಷ ಇಲ್ಲಿ ಜಾಕೆಟ್ ಹಾಕುವಷ್ಟು ಚಳಿಯೇ ಬೀಳಲಿಲ್ಲ ಎಂದು ಬರೆದೆ.