ಒಪ್ಪಿಗೆ ಪತ್ರದಲ್ಲೊಂದು ಕುರುಳು

ಹೆಂಡತಿ: ಮೂರು ದಿನದಿಂದ ಒಂದೇ ಹಾಳೆ ಓದ್ತಿದೀರಲ್ರೀ, ಪರೀಕ್ಷೆಗೇನಾದ್ರೂ ಕೂತ್ಕೋತೀರಾ?

ಗಂಡ: ಓದದೆ ಸಹಿ ಹಾಕೋಕಾಗುತ್ತಾ? ಇಲ್ನೋಡು, ‘ದೊಡ್ಡ ಕುರುಳನ್ನು ತೆಗೆಯಲು ಒಪ್ಪಿದ್ದೇನೆ’ ಅಂತಿದೆ. ಕರುಳಲ್ಲ, ಕುರುಳು! ಅಂದ್ರೆ ಗುಂಗುರು ಕೂದಲು. ಸಹಿ ಹಾಕಿದ್ರೆ ತಲೆ ಬೋಳಿಸ್ತಾರೆ.

ಹೆಂಡತಿ: (ಅವನ ತಲೆ ನೋಡಿ) ಪಾಪ, ಅಲ್ಲಿ ಅವರಿಗೇನು ಕೆಲಸ ಉಳಿದಿದೆ?

ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಹೆಂಡತಿ ದರ್ಜಿ. ಎರಡು ವರ್ಷದಿಂದ ಅವನ ದೊಡ್ಡ ಕರುಳಿನ ತುಂಬ ಹುಣ್ಣು. ಮಾತ್ರೆ ಸೋತಿತ್ತು, ನರಕ್ಕೆ ಏರಿಸಿದ ಔಷಧಿಯೂ ಸೋತಿತ್ತು. ರಕ್ತ ಹೋಗುವುದು ಮಾತ್ರ ನಿಂತಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೂತ ಅವನ ಕೈಯಲ್ಲಿ ಕೆಂಪು ಪೆನ್ನು.

ಗಂಡ: ಇನ್ನೊಂದು ಹೊಸ ಇಂಜೆಕ್ಷನ್ ಇದೆ ಅಂದ್ರಲ್ಲ ಡಾಕ್ಟರು?

ಹೆಂಡತಿ: ಅಂದ್ರು. ‘ಅದು ಕೆಲಸ ಮಾಡೋವರೆಗೂ ಕಾಯ್ತಾ ಕರುಳು ತೂತಾದ್ರೆ ಜೀವಕ್ಕೇ ಕಷ್ಟ, ಆಪರೇಷನ್ನೇ ಸರಿ’ ಅಂತಾನೂ ಅಂದ್ರು. ನಿಮ್ಮ ಕಿವಿಗೆ ಅರ್ಧ ವಾಕ್ಯ ಸಾಕು.

ಗಂಡ: ಇನ್ನೊಂದಷ್ಟು ದಿನ ಪಥ್ಯ ಮಾಡಿದ್ರೆ?

ಹೆಂಡತಿ: ಮಾಡಿದ್ರಲ್ಲ! ಮನೇಲಿ ಸಪ್ಪೆ, ಪ್ರೆಸ್ಸಲ್ಲಿ ಕರಿದಿದ್ದು.

ನರ್ಸ್ ಬಂದಳು.

ನರ್ಸ್: ಸಹಿ ಆಯ್ತಾ ಸರ್?

ಗಂಡ: ಎರಡನೇ ಸಾಲಲ್ಲಿ ಅಲ್ಪವಿರಾಮ ಬಿಟ್ಟಿದೀರಿ.

ನರ್ಸ್: ಸರಿ ಸರ್. ಇವತ್ತು ಟಾಯ್ಲೆಟ್ಟಿಗೆ ಎಷ್ಟು ಸಲ ಹೋದ್ರಿ?

ಗಂಡ: ನಾಲ್ಕು.

ಹೆಂಡತಿ: ಹದಿನಾಲ್ಕು. ನಾಲ್ಕರ ಎಡಕ್ಕೆ ಒಂದು ಬಿಟ್ಟುಹೋಗಿದೆ, ತಿದ್ಕೊಳಮ್ಮ.

ನರ್ಸ್ ಬರೆದುಕೊಂಡು, ಆಪರೇಷನ್ ನಾಳೆ ಬೆಳಿಗ್ಗೆಯೇ ಎಂದು ನೆನಪಿಸಿ ಹೋದಳು. ಗಂಡ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

ಹೆಂಡತಿ: ನಿಜ ಹೇಳಿ. ಕತ್ತರಿಗೆ ಹೆದರಿಕೇನಾ?

ಗಂಡ: ಕತ್ತರಿ ಅಲ್ಲ ಕಣೇ. ಆಮೇಲೆ ಮಲ ತುಂಬೋಕೆ ಹಾಕ್ತಾರಲ್ಲ, ಆ ಚೀಲ. ಹೊಟ್ಟೆ ಮೇಲೆ ಅದನ್ನ ಅಂಟಿಸ್ಕೊಂಡು... ನೀನು ಪಕ್ಕದಲ್ಲಿ ಮಲಗ್ತೀಯಾ?

ಅವಳು ಅವನ ಕೈಯಲ್ಲಿದ್ದ ಹಾಳೆಯತ್ತ ಬೊಟ್ಟು ಮಾಡಿದಳು.

ಹೆಂಡತಿ: ಇಷ್ಟಕ್ಕಾ ಮೂರು ದಿನ ಆ ಹಾಳೇನ ಕೆಂಪು ಮಾಡಿದ್ದು?

ಗಂಡ: ಮಾತು ಹಾರಿಸ್ಬೇಡ, ಉತ್ತರ ಹೇಳು.

ಹೆಂಡತಿ: ಇಪ್ಪತ್ತು ವರ್ಷದಿಂದ ನಿಮ್ಮ ಗೊರಕೆ ಪಕ್ಕ ಮಲಗಿದೀನಿ. ಚೀಲ ಗೊರಕೆ ಹೊಡೆಯಲ್ಲವಂತೆ, ಡಾಕ್ಟರನ್ನ ಕೇಳಿದೀನಿ.

ಗಂಡ ನಗಲು ಹೋಗಿ ಕಣ್ಣೊರೆಸಿಕೊಂಡ. ಹಾಳೆಯನ್ನು ಮೊಣಕಾಲ ಮೇಲಿಟ್ಟು, ಮನಸ್ಸು ಬದಲಾಗುವ ಮೊದಲೇ ಎಂಬಂತೆ ಸರಸರನೆ ಸಹಿ ಹಾಕಿದ. ಅವಳು ಹಾಳೆ ಕಸಿದು ನೋಡಿದಳು.

ಹೆಂಡತಿ: ರೀ! ಇದು ಡಾಕ್ಟರು ಸಹಿ ಹಾಕೋ ಜಾಗ. ನಾಳೆ ಆಪರೇಷನ್ನೂ ನೀವೇ ಮಾಡ್ಕೊಳ್ಳಿ.