ಮತ್ತೊಮ್ಮೆ ಕೇಳುವ ಕಾಕಾ

ನಮ್ಮ ಕಾಕಾನಷ್ಟು ವಿಧೇಯ ಮನುಷ್ಯ ಅಥಣಿಯಿಂದ ನಿಪ್ಪಾಣಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಅವನಷ್ಟು ತಲೆ ತಿನ್ನುವವನೂ ಸಿಗಲಿಕ್ಕಿಲ್ಲ! ಐನಾಪುರದ ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದವನು, ಬೆಲ್ಲದ ಡಬ್ಬಿಗೆ ಕೈಹಾಕುವ ಮೊದಲು ದಿನವೂ ಕಾಕಿಯ ಅಪ್ಪಣೆ ಕೇಳುತ್ತಿದ್ದ.

"ನಿನ್ನೆ ಹೂಂ ಅಂದಿದ್ನೆಲ್ರಿ!"

"ಅದು ನಿನ್ನೆ. ಇವತ್ತ?"

"ಮದುವೀಗಿ ಹೂಂ ಅಂದಿದ್ದನ್ನೂ ದಿನಾ ಕೇಳ್ತೀರೇನ?"

ಅದನ್ನು ಮಾತ್ರ ಕೇಳುವ ಧೈರ್ಯವನ್ನು ಕಾಕಾ ಎಂದೂ ಮಾಡಲಿಲ್ಲ.

ಬಸ್ಸಿನದೂ ಇದೇ ಕಥೆ. ಅದೇ ಬಸ್ಸು, ಅದೇ ಕಂಡಕ್ಟರ್, ಆದರೂ "ಶಿರಗುಪ್ಪಿಗೆ ಹೋಗ್ತೈತೇನ್ರಿ?" ಎಂದು ಕೇಳದೆ ಹತ್ತುವಂತಿಲ್ಲ. ಒಂದು ದಿನ ಅದು ನಿಜಕ್ಕೂ ಅಥಣಿ ಕಡೆ ತಿರುಗಿತಂತೆ! ಕೇಳದೆ ಹತ್ತಿದವರು ಒಳಗೆ ಬೊಬ್ಬೆ ಹೊಡೆಯುವಾಗ ಕಾಕಾ ನಿಲ್ದಾಣದ ಕಟ್ಟೆಯ ಮೇಲೆ ಕೂತು ಆರಾಮಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದನಂತೆ. ಇದು ಅವನೇ ಹೇಳಿದ್ದು, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹುಟ್ಟಿನಿಂದ ಬಂದ ರೋಗವಲ್ಲ ಇದು. ಹತ್ತಿಸಿದ್ದು ಕಂಪ್ಯೂಟರ್! ತೊಂಬತ್ತರ ದಶಕದಲ್ಲಿ ಕಾಕಾ ಕೆಲಸ ಮಾಡುತ್ತಿದ್ದ ಸಕ್ಕರೆ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಯಾರು ಯಾವುದನ್ನು ತೆರೆದು ನೋಡಬಹುದು ಎಂಬ ಅಪ್ಪಣೆ ಕೊಡುವ, ಕಿತ್ತುಕೊಳ್ಳುವ ಕೆಲಸ ಕಾಕಾನದು. ಕಬ್ಬು ತೂಗುವ ಕಾಟಾದ ಗುಮಾಸ್ತನೊಬ್ಬನನ್ನು ಗೋದಾಮಿಗೆ ಹಾಕಿದಾಗ, ಕಾಕಾ ಆಫೀಸಿನ ದೊಡ್ಡ ಯಂತ್ರದಲ್ಲಿ ಅವನ ಅಪ್ಪಣೆ ರದ್ದು ಮಾಡಿದ. ಆದರೆ ಆ ಮನುಷ್ಯ ಮರುದಿನವೂ ಕಾಟಾದ ಫ್ಯಾನಿನ ಕೆಳಗೇ ಕೂತು ತೂಕ ಬರೆಯುತ್ತಿದ್ದಾನೆ! ಸಾಹೇಬರು ಗದರಿದರೆ ಅವನ ಉತ್ತರ ನೋಡಿ: "ನೀವು ಬ್ಯಾಡ ಅಂದ್ರೂ ಯಂತ್ರ ಬಾ ಅನ್ನಾಕತ್ತೈತ್ರಿ, ನಾ ಹೆಂಗ ಹೋಗ್ಲಿ?"

ಬೈಸಿಕೊಂಡವನು ಕಾಕಾ. ಕೊನೆಗೆ ಗುಟ್ಟು ಸಿಕ್ಕಿತು. ಕಾಟಾದ ಸಣ್ಣ ಯಂತ್ರ ಮೈಗಳ್ಳ. ದೊಡ್ಡ ಯಂತ್ರವನ್ನು ಒಮ್ಮೆ ಕೇಳಿ, ಸಿಕ್ಕ ಉತ್ತರವನ್ನೇ ನೆನಪಿಟ್ಟುಕೊಂಡು ದಿನ ದೂಡುತ್ತಿತ್ತು. ಮೇಲೆ ಹುಕುಂ ಬದಲಾದದ್ದು ಅದಕ್ಕೆ ಗೊತ್ತೇ ಇಲ್ಲ. ಕಾಕಾ ಹೋಗಿ ಆ ಹಳೆಯ ನೆನಪನ್ನು ಅಳಿಸಿದ ಮೇಲೆಯೇ ಅದು ಹೊಸದಾಗಿ ಕೇಳಿ ಅವನಿಗೆ ಬಾಗಿಲು ಹಾಕಿದ್ದು. ಅಂದಿನಿಂದ ಕಾಕಾ ಯಾರ ನೆನಪನ್ನೂ ನಂಬದಾದ.

ನಾವು ನಗುತ್ತಿದ್ದೆವು. ಆದರೆ ನಮ್ಮ ಮನೆಯಲ್ಲೂ ಒಂದು ಹುಕುಂ ವರ್ಷಗಟ್ಟಲೆ ಹಾಗೇ ಕೂತಿತ್ತು. ಕಾಕಾನ ತಂಗಿ, ನಮ್ಮ ಅತ್ತೆ, ತಾನು ಮೆಚ್ಚಿದವನನ್ನು ಮದುವೆಯಾಗಿ ನಿಪ್ಪಾಣಿ ಸೇರಿದಾಗ ಅಜ್ಜ ಸಿಟ್ಟಿನಲ್ಲಿ "ಇನ್ನ ಈ ಹೊಸ್ತಿಲಾ ತುಳೀಬಾರದು" ಅಂದಿದ್ದ. ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಪಂಚಮಿಗೆ ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಜೀಕುವಾಗ ಅಜ್ಜಿ ಉಂಡಿ ಕಟ್ಟುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಪಂಚಮಿಯ ಹಿಂದಿನ ದಿನ ಕಾಕಾ ಅಜ್ಜಿಯನ್ನು ಕೇಳಿದ: "ಅವ್ವಾ, ಅಪ್ಪಗ ಆಮ್ಯಾಲ ಯಾರರ ಕೇಳೀರೇನ?"

"ಕೇಳೋದೇನೈತಿ? ಒಮ್ಮೆ ಬ್ಯಾಡ ಅಂದಾರ, ಮುಗೀತು."

"ನೀವೆಲ್ಲಾ ಆ ಕಾಟಾದ ಯಂತ್ರ ಆಗೀರಿ!" ಎಂದು ಕಾಕಾ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಮರುದಿನ ಅತ್ತೆಯನ್ನು ಕರೆದುಕೊಂಡೇ ಬಂದ. ಅಜ್ಜ ಒಂದು ಮಾತು ಗದರಿದರೆ ಅವಳು ಮತ್ತೆಂದೂ ಈ ಕಡೆ ತಲೆ ಹಾಕುತ್ತಿರಲಿಲ್ಲ, ಅದು ನಮಗೆಲ್ಲ ಗೊತ್ತಿತ್ತು. ಹೊಸ್ತಿಲ ಮುಂದೆ ಬಂದು ನಿಂತಳು. ಕಾಲು ಏಳಲಿಲ್ಲ.

"ಒಲ್ಲೆ ಅಣ್ಣಾ. ಅಪ್ಪ ಬ್ಯಾಡ ಅಂದಾನ."

"ಅದು ಹಳೇದು. ಮತ್ತ ಕೇಳು," ಎಂದ ಕಾಕಾ.

ಪಡಸಾಲೆಯಲ್ಲಿ ಅಜ್ಜ ನಮಗೆ ಬೆನ್ನು ಹಾಕಿ ಕೂತಿದ್ದ. ಅತ್ತೆ ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು: "ಅಪ್ಪಾ, ಒಳಗ ಬರ್ಲಿ?"

ಅಜ್ಜ ಗೋಡೆ ಹಿಡಿದು ಎದ್ದ. ಬಾಗಿಲಿಗೆ ಬಂದು ಅವಳ ಕೈಯಿಂದ ಚೀಲ ಇಸಿದುಕೊಂಡ. ಆಮೇಲೆ ಅವಳ ತಲೆ ಮೇಲೆ ಕೈಯಿಟ್ಟು ಕೇಳಿದ:

"ಇಷ್ಟು ವರ್ಷದಾಗ ಒಮ್ಮೆರ ಕೇಳಬಾರದಾಗಿತ್ತೇನ ಮಗಳ?"