ಅರ್ಧ ತಾಸಿನ ಭರವಸೆ ಕೊಟ್ಟಿದ್ದ ಯುಪಿಎಸ್ ಅವರಿಗೆ

ಕೊಟ್ಟೂರು
ಜುಲೈ ೨೦೦೩

ಮಾನ್ಯರೇ,

ಕರೆಂಟು ಹೋದಾಗ ಕಂಪ್ಯೂಟರುಗಳ ಜೀವ ಹಿಡಿದಿಡುವುದಕ್ಕೆಂದೇ ನೇಮಕಗೊಂಡು, ನಮ್ಮ ಕಾಲೇಜಿನ ಲ್ಯಾಬಿನ ಮೂಲೆಯಲ್ಲಿ, ಮರದ ಮಣೆಯ ಮೇಲೆ, ಹಣೆಗೆ ಕುಂಕುಮ ಧರಿಸಿ ವಿರಾಜಮಾನರಾಗಿರುವ ತಮಗೆ, ಈ ವರ್ಷವಷ್ಟೇ ಬಿ.ಸಿ.ಎ. ಮುಗಿಸಿದ ಇಟ್ಟಿಗಿಯ ಗಂಗಾಂಬಿಕಾಳ ಗೌರವಪೂರ್ವಕ ನಮಸ್ಕಾರಗಳು. ಪತ್ರದ ಆರಂಭದಲ್ಲಿ ತಮ್ಮ ಬ್ಯಾಟರಿಯ ಆರೋಗ್ಯವನ್ನು ವಿಚಾರಿಸುವುದು ಮರ್ಯಾದೆ. ಆದರೆ ಉತ್ತರ ಇಡೀ ಕಾಲೇಜಿಗೆ ಗೊತ್ತಿರುವುದರಿಂದ ಆ ಪ್ರಶ್ನೆ ಕೇಳಿ ತಮ್ಮನ್ನು ಮುಜುಗರಕ್ಕೆ ಗುರಿ ಮಾಡಲಾರೆ.

ತಾವು ನಮ್ಮಲ್ಲಿಗೆ ದಯಮಾಡಿಸಿದಾಗ ನಾವು ಮೊದಲ ವರ್ಷದಲ್ಲಿದ್ದೆವು. ತಮ್ಮನ್ನು ಲಾರಿಯಿಂದ ಇಳಿಸಿ, ಕಾಯಿ ಒಡೆದು, ಊದಿನಕಡ್ಡಿ ಬೆಳಗಿ ಒಳಗೆ ಬರಮಾಡಿಕೊಂಡೆವು. ಲ್ಯಾಬ್ ನೋಡಿಕೊಳ್ಳುವ ನಮ್ಮ ಹಂಪೇಶ್ ಸರ್ ತಮ್ಮ ಬೆನ್ನು ಸವರುತ್ತಾ, “ಇನ್ನ ಕರೆಂಟ್ ಹೋದ್ರೂ ಚಿಂತಿ ಇಲ್ಲ. ಅರ್ಧ ತಾಸು ಇವ್ರು ನೋಡ್ಕೊಂತಾರ,” ಎಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಆ ಅರ್ಧ ತಾಸು ಎಲ್ಲಿ ಹೋಯಿತೆಂದು ಮೂರು ವರ್ಷದಲ್ಲಿ ಯಾರಿಗೂ ತಿಳಿಯಲಿಲ್ಲ. ಕರೆಂಟು ಹೋದೊಡನೆ ತಾವು ‘ಕೀಂಯ್’ ಎಂದು ಒಮ್ಮೆ ಕೂಗಿ, ಆ ಕೂಗು ಮುಗಿಯುವ ಮೊದಲೇ ಕಣ್ಣು ಮುಚ್ಚುತ್ತಿದ್ದಿರಿ. ತಾವು ಕೂಗದೇ ಇದ್ದಿದ್ದರೆ ಆ ಶಕ್ತಿಯಲ್ಲಿ ಇನ್ನೊಂದು ಗಳಿಗೆ ಬದುಕುತ್ತಿದ್ದಿರೇನೋ ಎಂಬ ಅನುಮಾನ ನನಗೆ ಈಗಲೂ ಇದೆ.

ಆದರೂ ತಮ್ಮಿಂದ ನಾವು ಕಲಿತದ್ದು ಕಡಿಮೆಯಲ್ಲ. ಬೇರೆ ಊರಿನ ವಿದ್ಯಾರ್ಥಿಗಳು ಪ್ರೋಗ್ರಾಮ್ ಬರೆದು ಮುಗಿಸಿ ಸೇವ್ ಮಾಡುತ್ತಾರಂತೆ. ನಾವು ಪ್ರತಿ ಸಾಲಿಗೂ ಸೇವ್ ಮಾಡುವುದನ್ನು ರೂಢಿಸಿಕೊಂಡೆವು. ಬೆಳಗಿನಿಂದ ಬರೆದದ್ದು ಮಧ್ಯಾಹ್ನ ಮಾಯವಾದರೆ ಅಳದೆ, ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಮೊದಲಿನಿಂದ ಬರೆಯುವ ಸ್ಥಿತಪ್ರಜ್ಞತೆಯನ್ನು ಯಾವ ಪಠ್ಯಕ್ರಮವೂ ಕಲಿಸಲಾರದು. ಈ ವಿಷಯವನ್ನು ತಾವು ಕಲಿಸಿದಷ್ಟು ಚೆನ್ನಾಗಿ ಯಾವ ಉಪನ್ಯಾಸಕರೂ ಕಲಿಸಲಿಲ್ಲವೆಂಬುದನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳುತ್ತೇನೆ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ವಿಷಯ ನನ್ನ ಗೆಳತಿ ತಸ್ಲೀಮಳದು. ಬಸ್‌ಸ್ಟ್ಯಾಂಡಿನ ಹಿಂದೆ ಮದುವೆಗಳಿಗೆ ಜನರೇಟರ್, ಮೈಕು, ಸೀರಿಯಲ್ ಲೈಟು ಬಾಡಿಗೆ ಕೊಡುವ ಮಾಬುಸಾಬರ ಮಗಳು ಆಕೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ನಾವಿಬ್ಬರೂ ಸೇರಿ ಮಾಡಿದೆವು. ಅವರ ಅಂಗಡಿಯ ಯಾವ ಸಾಮಾನು ಯಾವ ಮದುವೆಗೆ ಹೋಗಿದೆ, ಯಾವಾಗ ಮರಳುತ್ತದೆ ಎಂಬುದನ್ನು ತೋರಿಸುವ ತಂತ್ರಾಂಶ ಅದು. ಮಗಳು ಕಾಲೇಜಿನಲ್ಲಿ ಟೈಪಿಂಗ್ ಕಲಿಯುತ್ತಿದ್ದಾಳೆಂದೇ ಮಾಬುಸಾಬರು ಕೊನೆಯವರೆಗೂ ತಿಳಿದಿದ್ದರು. ಅಷ್ಟರಲ್ಲಿ ಹರಪನಹಳ್ಳಿಯ ಕಡೆಯಿಂದ ಆಕೆಗೊಂದು ಸಂಬಂಧ ಬಂತು. ಮನೆಯಲ್ಲಿ ತೀರ್ಮಾನವಾಯಿತು: ಈ ಸಲ ಪಾಸಾದರೆ ಮುಂದಿನ ಓದಿನ ಮಾತು, ಇಲ್ಲವಾದರೆ ಓದು ಇಲ್ಲಿಗೆ ಸಾಕು, ಮದುವೆ. “ಟೈಪಿಂಗ್ ಎಷ್ಟು ವರ್ಷ ಕಲೀತಿ ಬೇಟಿ?” ಎಂದು ಅವರು ಬೈಗುಳವಿಲ್ಲದೆ, ಪ್ರೀತಿಯಿಂದಲೇ ಕೇಳಿದ್ದರಂತೆ. ಬೈದಿದ್ದರೆ ಎದುರು ಮಾತಾಡಬಹುದಿತ್ತು ಎಂದು ತಸ್ಲೀಮ್ ಕಣ್ಣೊರೆಸಿಕೊಂಡಳು.

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬಂದರು. ಅವರು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಹಂಪೇಶ್ ಸರ್ ನಗುತ್ತಾ, “ಗಾಬರಿ ಆಗಬ್ಯಾಡ್ರಿ, ಯುಪಿಎಸ್ ಐತಿ,” ಎಂದರು. ಆ ವಾಕ್ಯದ ಕೊನೆಯ ಅಕ್ಷರವನ್ನೂ ಕಾಯದೆ ತಾವು ‘ಕೀಂಯ್’ ಎಂದಿರಿ. ಲ್ಯಾಬಿನ ಪರದೆಗಳೆಲ್ಲ ಒಮ್ಮೆಲೇ ಕಪ್ಪಾದವು. ಅತಿಥಿಗಳೆದುರು ಒಂದು ದಿನದ ಮಟ್ಟಿಗಾದರೂ ನಟಿಸೋಣವೆಂಬ ದೌರ್ಬಲ್ಯ ತಮ್ಮಲ್ಲಿಲ್ಲ. ತಮ್ಮ ಪ್ರಾಮಾಣಿಕತೆ ದೊಡ್ಡದು.

ಪೇಟೆಯ ಹತ್ತಿರ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಂಜೆಯವರೆಗೆ ಕರೆಂಟಿಲ್ಲ ಎಂಬ ಸುದ್ದಿ ಬಂತು. ಪರೀಕ್ಷಕರು ಕೈಚೆಲ್ಲಿದರು. “ನಾನು ಸಂಜೆ ಹಗರಿಬೊಮ್ಮನಹಳ್ಳಿಗೆ ಹೋಗ್ಬೇಕು ಕಣ್ರಿ, ನಾಳೆ ಅಲ್ಲಿ ಪರೀಕ್ಷೆ ಐತೆ. ಸ್ಕ್ರೀನ್ ಮೇಲೆ ನೋಡದೆ ಮಾರ್ಕ್ಸ್ ಹೆಂಗೆ ಹಾಕ್ಲಿ? ಇವತ್ತು ಆಗ್ಲಿಲ್ಲ ಅಂದ್ರೆ ಮುಂದಿನ ಸಲವೇ,” ಎಂದರು. ಮುಂದಿನ ಸಲವೆಂದರೆ ನನಗೆ ಇಟ್ಟಿಗಿಯಿಂದ ಇನ್ನೊಂದು ವರ್ಷದ ಬಸ್ಸು. ತಸ್ಲೀಮಳಿಗೆ ಆ ಮುಂದಿನ ಸಲ ಇರಲೇ ಇಲ್ಲ. ಆಕೆ ಎದ್ದು, ಬಾಗಿಲ ಬಳಿ ಚಪ್ಪಲಿಯನ್ನೂ ಮೆಟ್ಟಿಕೊಳ್ಳದೆ ಹೊರಗೆ ಓಡಿದಳು. ಅಳುವುದಕ್ಕೆ ಹೋದಳೆಂದು ನಾನು ತಿಳಿದೆ.

ಆಕೆ ಹೋಗಿದ್ದು ಕಲ್ಯಾಣಮಂಟಪಕ್ಕೆ. ಅಲ್ಲಿ ಮದುವೆಯೊಂದಕ್ಕೆ ಅವರಪ್ಪನ ಜನರೇಟರ್ ಓಡುತ್ತಿತ್ತು. ಆಕೆ ಏನು ಹೇಳಿದಳೋ, ಮಾಬುಸಾಬರು ಕೇಳಿದ್ದು ಒಂದೇ ಮಾತಂತೆ: “ಕರೆಂಟ್ ಕೊಟ್ರ ಪಾಸಾಗ್ತೀಯೇನು?” ಆಮೇಲೆ ಬೀಗರೆಲ್ಲ ಸುತ್ತ ನೆರೆದು ಕೂಗಾಡಿದಾಗ ಅವರು ಜನರೇಟರ್ ನಿಲ್ಲಿಸುತ್ತಾ, “ತಾಳಿ ಕಟ್ಟಿದ್ದು ಆತಲ್ರಿ. ಉಣ್ಣಾಕ ಮೈಕ್ ಯಾಕ ಬೇಕು?” ಎಂದರಂತೆ.

ಲಗೇಜ್ ಆಟೋದಲ್ಲಿ ಜನರೇಟರ್ ಬಂತು. ಅವಸರದಲ್ಲಿ ಸೀರಿಯಲ್ ಲೈಟಿನ ಸರವನ್ನು ಬಿಚ್ಚಿರಲಿಲ್ಲವಾದ್ದರಿಂದ, ಅದು ಗುಡುಗುಡು ಎಂದೊಡನೆ ನಮ್ಮ ಕಾಲೇಜಿನ ವರಾಂಡ ಕೆಂಪು, ಹಸಿರು, ಹಳದಿಯಾಗಿ ಮಿನುಗತೊಡಗಿತು. ತಮ್ಮ ವಯರಿಗೇ ಜನರೇಟರನ್ನು ಜೋಡಿಸಬೇಕೆಂದಾಗ ಹಂಪೇಶ್ ಸರ್, ಕಂಪ್ಯೂಟರ್ ಸುಟ್ಟಾವು ಎಂದು ಅಡ್ಡ ನಿಂತರು. ಮಾಬುಸಾಬರು ಅವರ ಭುಜ ತಟ್ಟಿ, “ಆರ್ಕೆಸ್ಟ್ರಾದೋರ ಕೀಬೋರ್ಡು ಇದರಾಗ ರಾತ್ರಿಯೆಲ್ಲ ಹಾಡ್ತಾವ್ರಿ. ನಿಮ್ಮ ಕೀಬೋರ್ಡು ನಡೆಯಂಗಿಲ್ಲೇನು?” ಎಂದರು. ಪರೀಕ್ಷಕರು ನಕ್ಕುಬಿಟ್ಟರು. ಪರದೆಗಳು ಬೆಳಗಿದವು.

ನಮ್ಮ ಸರದಿ ಬಂದಾಗ ಮಾಬುಸಾಬರು ಬಾಗಿಲಲ್ಲೇ ನಿಂತಿದ್ದರು. ಹಂಪೇಶ್ ಸರ್ ಒಳಗೆ ಕರೆದು ಕೂರಿಸಿದರು. ಎರಡನೇ ನಂಬರಿನ ಜನರೇಟರ್ ಈಗ ಎಲ್ಲಿದೆ ತೋರಿಸಿ ಎಂದು ಪರೀಕ್ಷಕರು ಕೇಳಿದರು. ತಸ್ಲೀಮ್ ಕೀಲಿ ಒತ್ತಿದಳು. ಕಲ್ಯಾಣಮಂಟಪದಲ್ಲಿದೆ ಎಂದು ಪರದೆ ಹೇಳಿತು. “ಸುಳ್ಳು ಹೇಳ್ತೈತ್ರಿ ಅದು. ನಂಬರ್ ಎರಡು ಇಲ್ಲೇ ಹೊರಗ ಒದರಾಕತ್ತೈತಿ!” ಎಂದು ಮಾಬುಸಾಬರು ಎದ್ದು ನಿಂತರು. “ಹಂಗಾದ್ರೆ ತಿದ್ದಮ್ಮ,” ಎಂದರು ಪರೀಕ್ಷಕರು. ತಸ್ಲೀಮ್ ನಮ್ಮ ಕಾಲೇಜಿನ ಹೆಸರು ಬರೆದು, ಕೊಟ್ಟವರು ಎಂಬಲ್ಲಿ ಅಪ್ಪನ ಹೆಸರು ಹಾಕಿದಳು. ಅವರು ಪರದೆಯ ತೀರ ಹತ್ತಿರಕ್ಕೆ ಬಂದು, ಒಂದೊಂದೇ ಅಕ್ಷರ ಓದಿಕೊಂಡು, “ಇದು ನಮ್ಮ ಅಂಗಡಿ ಅಲ್ಲೇನು?” ಎಂದು ಮೆಲ್ಲಗೆ ಕೇಳಿದರು. ಮಗಳು ತಲೆಯಾಡಿಸಿದಳು. “ನೀನ ಮಾಡಿದ್ದಾ?” ಎಂದರು. ಆಕೆ ನನ್ನ ಕಡೆ ನೋಡಿದಳು. “ಇಬ್ರೂ ಮಾಡೀವಿ ಚಾಚಾ, ಬುದ್ಧಿ ಆಕೀದು,” ಎಂದು ನಾನೇ ಹೇಳಿದೆ.

ಮೊನ್ನೆ ಫಲಿತಾಂಶ ಬಂತು. ಇಬ್ಬರೂ ಪಾಸಾಗಿದ್ದೇವೆ. ತಸ್ಲೀಮಳದು ಮೊದಲ ದರ್ಜೆ. ಓದು ಇನ್ನೂ ಇದೆ, ಕಾಯುವುದಾದರೆ ಕಾಯಿರಿ ಎಂದು ಮಾಬುಸಾಬರು ಹರಪನಹಳ್ಳಿಯವರಿಗೆ ಹೇಳಿ ಕಳಿಸಿದರು. ಅವರು ಕಾಯಲಿಲ್ಲ. ತಸ್ಲೀಮ್ ಎಂ.ಸಿ.ಎ. ಅರ್ಜಿ ತುಂಬುವ ಗಡಿಬಿಡಿಯಲ್ಲಿ ಆ ಸುದ್ದಿಯನ್ನು ಅರ್ಧ ಕಿವಿಯಲ್ಲಿ ಕೇಳಿದಳು.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಚಿಕ್ಕವು. ಮುಂದಿನ ತಂಡದ ಹುಡುಗಿಯರಿಗಾಗಿ, ಕಣ್ಣು ಮುಚ್ಚುವ ಹಿಂದಿನ ದಿನ ಒಂದು ಕಾರ್ಡು ಬರೆದು ತಿಳಿಸುವ ಕೃಪೆ ಮಾಡಬೇಕು. ಅದಾಗದಿದ್ದರೆ ಕರೆಂಟು ಇರುವಾಗಲೇ ಕೂಗಿ, ಹೋದಾಗ ಸುಮ್ಮನಿದ್ದು ಕೆಲಸ ಮಾಡುವ ಪ್ರಯೋಗವನ್ನಾದರೂ ಒಮ್ಮೆ ಕೈಗೊಳ್ಳಬೇಕು. ಅದೂ ಆಗದೆಂದಾದರೆ, ಆ ಮಣೆಯನ್ನು ಬಿಟ್ಟುಕೊಡಬೇಕು. ಹಂಪೇಶ್ ಸರ್ ಟೀ ಲೋಟ ಇಡಲು ಬಹಳ ದಿನದಿಂದ ಜಾಗ ಹುಡುಕುತ್ತಿದ್ದಾರೆ.

ತಮ್ಮ ಮೇಲಿನ ನಂಬಿಕೆಯನ್ನು ಸಾಲು ಸಾಲಿಗೂ ಸೇವ್ ಮಾಡಿಕೊಳ್ಳುತ್ತಿರುವ,
ತಮ್ಮ ವಿಶ್ವಾಸಿ,
ಗಂಗಾಂಬಿಕಾ

ತಾ.ಕ.: ಈ ಪತ್ರವನ್ನು ತಸ್ಲೀಮಳಿಗೆ ಓದಿ ಹೇಳಿದೆ. ಆಕೆಗೆ ಹಿಡಿಸಲಿಲ್ಲ. “ಬೈಬ್ಯಾಡ ಅವರನ್ನ. ಆವತ್ತು ಅರ್ಧ ತಾಸು ನಿಂತಿದ್ರ ನಮ್ಮ ಅಬ್ಬಾ ಲ್ಯಾಬಿನ ಒಳಗ ಬರ್ತಿದ್ರೇನು?” ಎಂದಳು. ಆಕೆಯ ಮಾತನ್ನೂ ಇಲ್ಲಿ ಬರೆದಿದ್ದೇನೆ. ಆದರೆ ದಯವಿಟ್ಟು ತಾವು ಇದನ್ನು ಸೇವಾ ಪ್ರಮಾಣಪತ್ರವೆಂದು ಭಾವಿಸಿ ಗೋಡೆಗೆ ತೂಗುಹಾಕಿಕೊಳ್ಳಬಾರದು.